ಬೀಳು ಬಿಟ್ಟ ವರ್ಷ

ಒಂದು ವರ್ಷದ ಮಟ್ಟಿಗೆ ಅಮೆರಿಕಕ್ಕೆ ಹೊರಟಿದ್ದೇನೆ ಎಂದು ಹೇಳಲು ಬಡವನಹಳ್ಳಿಗೆ ಹೋದಾಗ ದೊಡ್ಡಪ್ಪ ಜಗಲಿಯಲ್ಲಿ ಕೂತು ಬಿತ್ತನೆಗೆ ಕಡಲೇಕಾಯಿ ಸುಲಿಯುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ತಲೆ ಎತ್ತದೆಯೇ ವಿಚಾರಣೆ ಶುರುವಾಯಿತು.

“ಅಲ್ಲೋಗಿ ಎಷ್ಟ್ ಕ್ಲಾಸ್ ಪಾಠ ಮಾಡ್ಬೇಕು?”

“ಪಾಠ ಇಲ್ಲ ದೊಡ್ಡಪ್ಪ. ಓದೋದು, ಬರಿಯೋದು, ಅಷ್ಟೇ.”

“ಪರೀಕ್ಷೆ, ಪೇಪರ್ರು?”

“ಅದೂ ಇಲ್ಲ.”

“ಇಲ್ಲಿ ಸಂಬ್ಳ?”

“ಬರ್ತದೆ.”

ಅಂಗೈಯಲ್ಲಿದ್ದ ಸಿಪ್ಪೆಯನ್ನು ಉಫ್ ಎಂದು ಊದಿ, ಬೀಜವನ್ನು ಮೊರಕ್ಕೆ ಹಾಕಿ, “ಅಂಗಾದ್ರೆ ನಿನ್ನ ಒಂದೊರ್ಸ ಬೀಳು ಬಿಟ್ಟವ್ರೆ ಅನ್ನು” ಅಂದರು.

ವ್ಯಂಗ್ಯವೋ ಮರುಕವೋ ತಿಳಿಯಲಿಲ್ಲ. ಆದರೆ ನಿಘಂಟು ನೋಡದೆಯೇ ನಿಘಂಟಿನ ಅರ್ಥ ಹೇಳಿಬಿಟ್ಟಿದ್ದರು. ವಿಶ್ವವಿದ್ಯಾಲಯಗಳಲ್ಲಿ ಸಬಾಟಿಕಲ್ ಎಂದು ಕರೆಯುವ ರಜೆಯ ಬೇರು ಯಹೂದಿಗಳ ಸಬ್ಬತ್ತಿನಲ್ಲಿದೆ. ಆರು ದಿನ ದುಡಿಮೆ, ಏಳನೆಯ ದಿನ ಬಿಡುವು. ಹೊಲಕ್ಕೂ ಅದೇ ಕಟ್ಟಳೆ: ಆರು ವರ್ಷ ಉತ್ತು ಬಿತ್ತಿದ ನೆಲವನ್ನು ಏಳನೆಯ ವರ್ಷ ಬೀಳು ಬಿಡಬೇಕು, ತಾನಾಗಿ ಹುಟ್ಟಿದ್ದು ಬಡವರಿಗೆ, ಅವರು ಬಿಟ್ಟದ್ದು ಕಾಡುಪ್ರಾಣಿಗಳಿಗೆ. ನಮ್ಮ ಯುಜಿಸಿಯ ನಿಯಮಾವಳಿಯೂ ಆ ಏಳನ್ನು ಕೈಬಿಟ್ಟಿಲ್ಲ. ಸಹ ಪ್ರಾಧ್ಯಾಪಕರಾಗಿಯೋ ಪ್ರಾಧ್ಯಾಪಕರಾಗಿಯೋ ಏಳು ವರ್ಷ ಸೇವೆ ಸಲ್ಲಿಸಿದವರು ಅರ್ಜಿ ಹಾಕಬಹುದು. ಒಮ್ಮೆಗೆ ಒಂದು ವರ್ಷ, ಇಡೀ ವೃತ್ತಿಗೆ ಎರಡು ವರ್ಷ ಮೀರುವಂತಿಲ್ಲ.

ಆದರೆ ಮಧುಗಿರಿ, ಸಿರಾ, ಪಾವಗಡದ ಸೀಮೆಯಲ್ಲಿ ಬೀಳು ಅನ್ನುವುದು ಶುಭದ ಮಾತಲ್ಲ. ಇಲ್ಲಿ ಯಾರೂ ಶಾಸ್ತ್ರ ನೋಡಿ ಹೊಲ ಬೀಳು ಬಿಟ್ಟಿಲ್ಲ. ಮಳೆ ಕೈಕೊಟ್ಟಾಗ, ಎತ್ತು ಮಾರಿದಾಗ, ಗಂಡುಮಕ್ಕಳು ಬೆಂಗಳೂರಿನ ಕಾರ್ಖಾನೆ ಸೇರಿದಾಗ ಬೀಳು ಬೀಳುತ್ತದೆ. ಅಂಥ ಕಡೆಯಿಂದ ಹೋದವನಿಗೆ ಸಂಬಳ ಎಣಿಸಿಕೊಂಡು ಬೀಳು ಬೀಳುವುದು ಒಳಗೊಳಗೇ ಅಳುಕು. ಹೋದ ಮೊದಲ ಮೂರು ತಿಂಗಳು ಸುಮ್ಮನೆ ಕೂರಲು ನನಗೆ ಬರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಗ್ರಂಥಾಲಯದ ಬಾಗಿಲಲ್ಲಿ ನಿಂತಿರುತ್ತಿದ್ದೆ, ಹಾಜರಿ ಹಾಕುವವರು ಯಾರೋ ಒಳಗೆ ಕಾದಿದ್ದಾರೆ ಎಂಬಂತೆ.

ಈ ರಜೆಯ ಚರಿತ್ರೆಯಲ್ಲಿ ನಮ್ಮ ಕಡೆಯ ನಂಟೂ ಒಂದಿದೆ. ಅಮೆರಿಕದಲ್ಲಿ ಇದನ್ನು ಮೊದಲು ಪದ್ಧತಿಯಾಗಿ ತಂದದ್ದು ಹಾರ್ವರ್ಡ್, 1880ರಲ್ಲಿ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಚಾರ್ಲ್ಸ್ ರಾಕ್‌ವೆಲ್ ಲ್ಯಾನ್‌ಮನ್ ಎಂಬ ತರುಣ ವಿದ್ವಾಂಸನನ್ನು ಸೆಳೆದುಕೊಳ್ಳಲು ಒಡ್ಡಿದ ಆಮಿಷಗಳಲ್ಲಿ ಇದೂ ಒಂದು. ಆತನ ವಿಷಯ ಸಂಸ್ಕೃತ. 1889ರಲ್ಲಿ, ಮದುವೆಯಾದ ಹೊಸತರಲ್ಲಿ, ಲ್ಯಾನ್‌ಮನ್ ಹೆಂಡತಿಯನ್ನು ಕರೆದುಕೊಂಡು ಭಾರತಕ್ಕೆ ಬಂದ; ಹೋಗುವಾಗ ಹಾರ್ವರ್ಡಿನ ಗ್ರಂಥಾಲಯಕ್ಕೆಂದು ಸುಮಾರು ಐನೂರು ಹಸ್ತಪ್ರತಿಗಳನ್ನು ಒಯ್ದ. ನವವಧುವಿಗೆ ಆ ಪ್ರವಾಸ ಹೇಗಿತ್ತೋ! ಓಲೆಗರಿ, ಹಳೆಯ ಕಾಗದದ ಧೂಳಿನ ನಡುವೆ ಮಧುಚಂದ್ರ.

ಬೀಳು ನೆಲದಲ್ಲಿ ಬಿತ್ತಿದ್ದು ಬೆಳೆಯುವುದಿಲ್ಲ. ಬಿತ್ತದೇ ಇದ್ದದ್ದು ಹುಟ್ಟುತ್ತದೆ. ಇದಕ್ಕೆ ಕನ್ನಡ ನಾಡಿನಲ್ಲಿ ಎಂ.ಎನ್. ಶ್ರೀನಿವಾಸ್ ಅವರಿಗಿಂತ ದೊಡ್ಡ ಸಾಕ್ಷಿಯಿಲ್ಲ. ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಶ್ರೀನಿವಾಸ್ ಆಕ್ಸ್‌ಫರ್ಡಿನಲ್ಲಿ ಡಾಕ್ಟರೇಟ್ ಮುಗಿಸಿದಾಗ ಅವರ ಗುರು ಇವಾನ್ಸ್-ಪ್ರಿಚರ್ಡ್ ಅಲ್ಲಿಯೇ ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕ ಹುದ್ದೆ ಕೊಡಿಸಿ, ಮೊದಲ ವರ್ಷವನ್ನು ಯಾವುದಾದರೂ ಹಳ್ಳಿಯಲ್ಲಿ ಕಳೆದು ಬಾ ಎಂದು ಕಳಿಸಿದರು. 1948ರಲ್ಲಿ ಶ್ರೀನಿವಾಸ್ ಮೈಸೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ನೆಲೆಸಿದರು. ಬರಹದಲ್ಲಿ ಆ ಊರಿಗೆ ರಾಮಪುರ ಎಂದು ಹೆಸರಿಟ್ಟರು. ಅಲ್ಲಿಂದ ತಂದ ಟಿಪ್ಪಣಿಗಳನ್ನು ವಿಂಗಡಿಸಿ, ಹಸನು ಮಾಡಿ, ಮೂರು ಮೂರು ಪ್ರತಿ ತೆಗೆದು ಜೋಡಿಸುವುದರಲ್ಲೇ ಹದಿನೆಂಟು ವರ್ಷ ಕಳೆಯಿತು. ಪುಸ್ತಕ ಮಾತ್ರ ಆಗಲಿಲ್ಲ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟುವ ಕೆಲಸ, ಸಮಿತಿ, ವಿದ್ಯಾರ್ಥಿಗಳು. ಪ್ರಾಧ್ಯಾಪಕರೆಲ್ಲರಿಗೂ ಪರಿಚಯದ ಕಥೆಯೇ.

1970ರಲ್ಲಿ ಸ್ಟ್ಯಾನ್‌ಫರ್ಡಿನ ಗುಡ್ಡದ ಮೇಲಿರುವ ವರ್ತನ ವಿಜ್ಞಾನಗಳ ಉನ್ನತ ಅಧ್ಯಯನ ಕೇಂದ್ರ ಅವರನ್ನು ಕರೆಯಿತು. ಈ ಸಲ ಬರೆದೇ ತೀರುವುದೆಂದು ಮೂರೂ ಪ್ರತಿಗಳನ್ನು ಹೊತ್ತು ಹೋದರು. ಏಪ್ರಿಲ್ 24ರಂದು ಯಾರೋ ಕೇಂದ್ರಕ್ಕೆ ಬೆಂಕಿಯಿಟ್ಟರು. ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದ ವಿಶ್ವವಿದ್ಯಾಲಯಗಳೆಲ್ಲ ಕುದಿಯುತ್ತಿದ್ದ ವಸಂತ ಅದು. ಸುಟ್ಟ ಕೊಠಡಿಗಳಲ್ಲಿ ಶ್ರೀನಿವಾಸ್ ಅವರದೂ ಒಂದು. ಮೂರೂ ಪ್ರತಿ ಅದೇ ಕೊಠಡಿಯಲ್ಲಿದ್ದವು.

ಜೊತೆಯಲ್ಲಿದ್ದ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಒಂದು ಸಲಹೆ ಕೊಟ್ಟರು: ಟಿಪ್ಪಣಿ ಹೋದರೆ ಹೋಗಲಿ, ನೆನಪಿನಿಂದ ಬರೆಯಿರಿ. ಹಾಗೆ ಹುಟ್ಟಿದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಇಪ್ಪತ್ತೆರಡು ವರ್ಷದ ಹಿಂದೆ ಕಂಡ ಗೌಡರು, ಅವರ ಕೋಪ, ಅವರ ಲೆಕ್ಕಾಚಾರ, ದನ, ಹೊಲ, ಜಗಳ ಎಲ್ಲ ಅದರಲ್ಲಿ ಉಸಿರಾಡುತ್ತವೆ. ಶ್ರೀನಿವಾಸ್ ಬರೆದ ಬೇರೆ ಪುಸ್ತಕಗಳು ಪಾಠಕ್ಕೆ ಬೇಕಾಗುತ್ತವೆ. ಇದನ್ನು ಜನ ಕಾದಂಬರಿಯ ಹಾಗೆ ಓದುತ್ತಾರೆ. ಆ ಟಿಪ್ಪಣಿಗಳು ಸುಡದೇ ಇದ್ದಿದ್ದರೆ ಇನ್ನೂ ನಿಖರವಾದ, ಇನ್ನೂ ಕೋಷ್ಟಕಗಳಿರುವ, ಇನ್ನೂ ಕಡಿಮೆ ಜನ ಓದುವ ಒಂದು ಗ್ರಂಥ ನಮಗೆ ಸಿಗುತ್ತಿತ್ತು ಎಂದೇ ನನ್ನ ಗುಮಾನಿ.

ಅದೇ 1976ರಲ್ಲಿ ಆಕ್ಸ್‌ಫರ್ಡ್ ಪ್ರಕಾಶನದಿಂದ ಇನ್ನೊಂದು ಕನ್ನಡ ಹಳ್ಳಿ ಇಂಗ್ಲಿಷಿಗೆ ಬಂತು: ಎ.ಕೆ. ರಾಮಾನುಜನ್ ಅನುವಾದಿಸಿದ, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’. ದೂರ್ವಾಸಪುರದ ಅಗ್ರಹಾರ ಕಾಗದಕ್ಕೆ ಇಳಿದದ್ದು ಮಲೆನಾಡಿನಲ್ಲಿ ಕೂತಾಗಲ್ಲ, ಬರ್ಮಿಂಗ್‌ಹ್ಯಾಮ್ ಎಂಬ ಹೊಗೆಯ ಊರಿನಲ್ಲಿ. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಅಲ್ಲಿಗೆ ಹೋದದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿಗಳ ಮೇಲೆ ಪ್ರಬಂಧ ಬರೆಯಲು. ಅಲ್ಲಿ ಅಧ್ಯಾಪಕರಾಗಿದ್ದ ಮಾಲ್ಕಂ ಬ್ರಾಡ್‌ಬರಿ ಜೊತೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರು. ಸ್ವೀಡಿಷ್ ಮಾತು, ಅಡಿಬರಹವಿಲ್ಲ. ಅರ್ಥವಾಗದ ಮಾತು, ಅರ್ಥವಾಗುವ ಪ್ಲೇಗು. ಅಲ್ಲಿಂದ ಹೊರಟ ಕಾದಂಬರಿ 1965ರಲ್ಲಿ ಅಚ್ಚಾಯಿತು. ಪ್ರಬಂಧವೂ ಮುಗಿದು 1966ರಲ್ಲಿ ಪಿಎಚ್‌ಡಿ ಬಂತು. ಅದನ್ನು ಈಗ ಓದಿದವರು ಎಷ್ಟು ಮಂದಿ?

ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಮೇಲೆ ಇಂಡಿಯಾನಾಕ್ಕೆ ಹೋದವರು. ಅವರ ಆ ಬಿಡುವು ಮುಗಿಯಲೇ ಇಲ್ಲ. ಷಿಕಾಗೋದಲ್ಲಿ 1993ರಲ್ಲಿ ತೀರಿಕೊಂಡರು. ಆದರೂ ‘ಹೊಕ್ಕುಳಲ್ಲಿ ಹೂವಿಲ್ಲ’ ಬಂದದ್ದು 1969ರಲ್ಲಿ, ಕನ್ನಡದಲ್ಲಿ.

ಇಷ್ಟೆಲ್ಲ ಹೇಳುವಾಗ ನಮ್ಮ ಸಾಹಿತ್ಯ ಚರಿತ್ರೆ ಒಂದು ಬಾಗಿಲನ್ನು ಮುಚ್ಚಿಕೊಂಡೇ ಹೇಳುತ್ತದೆ. ಅಡುಗೆಮನೆಯ ಬಾಗಿಲು. ಶ್ರೀನಿವಾಸ್ ಅವರ ಪತ್ನಿ ರುಕ್ಮಿಣಿ ಶ್ರೀನಿವಾಸ್ ಭೂಗೋಳಶಾಸ್ತ್ರ ಕಲಿತು ಕಾಲೇಜಿನಲ್ಲಿ ಪಾಠ ಹೇಳಿದ್ದವರು. ಸ್ಟ್ಯಾನ್‌ಫರ್ಡಿಗೂ ಮುಂಚೆ ಗಂಡನ ಜೊತೆ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋದ ಕಾಲದಲ್ಲೇ ಆರ್.ಕೆ. ನಾರಾಯಣ್ ರಾಕ್‌ಫೆಲರ್ ಪ್ರತಿಷ್ಠಾನದ ಕರೆಯ ಮೇಲೆ ಅಮೆರಿಕಕ್ಕೆ ಬಂದು, ಬರ್ಕ್ಲಿಯ ಹೋಟೆಲೊಂದರಲ್ಲಿ ಕೂತು ‘ದಿ ಗೈಡ್’ ಬರೆಯುತ್ತಿದ್ದರು. ಮೈಸೂರಿನ ಸಸ್ಯಾಹಾರಿ ಕಾದಂಬರಿಕಾರನಿಗೆ ಆ ಊರಿನಲ್ಲಿ ಮನೆಯೂಟ ಸಿಕ್ಕಿದ್ದು ಇವರ ಮನೆಯಲ್ಲಿ. ರುಕ್ಮಿಣಿಯವರು ಇದನ್ನೆಲ್ಲ ತಾವೇ ಬರೆದರು, ‘ಟಿಫಿನ್’ ಎಂಬ ಪುಸ್ತಕದಲ್ಲಿ, ಅಡುಗೆಯ ವಿಧಾನಗಳ ಜೊತೆಗೆ. ಅದು ಬಂದದ್ದು 2015ರಲ್ಲಿ. ಗಂಡನ ಹಳ್ಳಿ ಬೆಂಕಿಯ ನಂತರ ಆರು ವರ್ಷದಲ್ಲಿ ಪುಸ್ತಕವಾಯಿತು, ಹೆಂಡತಿಯ ಅಡುಗೆಮನೆಗೆ ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಅವರ ಇಬ್ಬರು ಹೆಣ್ಣುಮಕ್ಕಳಲ್ಲಿ ಲಕ್ಷ್ಮಿ ಬೆಂಗಳೂರಿನ ಸಿನಿಮಾ ಪ್ರೇಕ್ಷಕರ ಮೇಲೂ ತುಳಸಿ ಮಲ್ಲೇಶ್ವರದ ದೇವಸ್ಥಾನಗಳ ಮೇಲೂ ಪುಸ್ತಕ ಬರೆದಿದ್ದಾರೆ. ಇಬ್ಬರೂ ಅಮೆರಿಕದಲ್ಲಿ ಪ್ರಾಧ್ಯಾಪಕರು. ಬೀಳು ನೆಲಕ್ಕೆ ಬಿದ್ದ ಬೀಜ ಯಾವ ಬದುವಿನಲ್ಲಿ ಮೊಳೆಯುತ್ತದೋ.

ನಮ್ಮ ಮನೆಯ ಲೆಕ್ಕ ಅಷ್ಟು ದೊಡ್ಡದಲ್ಲ. ನನ್ನ ಹೆಂಡತಿ ಹೈಸ್ಕೂಲು ಟೀಚರ್. ನನ್ನದು ಸಂಬಳ ಸಹಿತ ಬೀಳು, ಅವಳದು ಸಂಬಳರಹಿತ ರಜೆ. ನನ್ನದು ಜೆ-1 ವೀಸಾ, ಅವಳದೂ ಮಕ್ಕಳದೂ ಜೆ-2, ಅಂದರೆ ಅವಲಂಬಿತರು. ಪೆಟ್ಟಿಗೆಯಲ್ಲಿ ಹತ್ತು ಸೇರು ರಾಗಿ ಹಿಟ್ಟು, ಮುದ್ದೆ ಕೋಲು. ವಿಮಾನ ನಿಲ್ದಾಣದ ಅಧಿಕಾರಿ ಆ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಯಾವ ಆಟದ ಬ್ಯಾಟು ಎಂದು ಕೇಳಿದ. ದಿನವೂ ಆಡುವ ಆಟದ್ದು ಅಂದಳು ಅವಳು.

ಮಗಳನ್ನು ಶಾಲೆಗೆ ಸೇರಿಸಲು ಹೋದರೆ ಕ್ಷಯರೋಗದ ಚರ್ಮ ಪರೀಕ್ಷೆ ಮಾಡಿಸಿ ಬನ್ನಿ ಎಂದರು. ಕೈ ಮೇಲೆ ಚುಚ್ಚಿದ ಜಾಗ ಎರಡು ದಿನಕ್ಕೆ ಕೆಂಪಗೆ ಊದಿಕೊಂಡಿತು. ನಮ್ಮಲ್ಲಿ ಹುಟ್ಟಿದ ಮಗುವಿಗೆಲ್ಲ ಬಿಸಿಜಿ ಹಾಕುತ್ತಾರೆ, ಹಾಕಿಸಿಕೊಂಡವರಿಗೆ ಆ ಪರೀಕ್ಷೆಯಲ್ಲಿ ಊತ ಬರುವುದುಂಟು. ಅಲ್ಲಿ ಆ ಲಸಿಕೆಯ ರೂಢಿಯೇ ಇಲ್ಲ. ಎದೆಯ ಎಕ್ಸ್‌ರೇ ತೆಗೆಸಿ, ಶ್ವಾಸಕೋಶ ಚೆನ್ನಾಗಿದೆ ಎಂದು ಬರೆಸಿಕೊಂಡ ಮೇಲೆ ಸೇರಿಸಿಕೊಂಡರು. ಒಂಬತ್ತು ವರ್ಷದ ಹುಡುಗಿ ತೋಳಿನ ಮೇಲಿನ ಚುಕ್ಕೆಯನ್ನು ಅವತ್ತು ಮೊದಲ ಸಲ ಗಮನವಿಟ್ಟು ನೋಡಿಕೊಂಡಳು. ತನ್ನ ಊರು ಯಾವುದೆಂದು ಅವಳಿಗೆ ತಿಳಿದದ್ದು ಅಲ್ಲಿಯೇ ಎಂದು ಕಾಣುತ್ತದೆ.

ಮಗ ಇನ್ನೂ ಚಿಕ್ಕವನು. ಆ ಊರಿನಲ್ಲಿ ಬಸ್ಸಿಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಯೂ ಹೇಳುತ್ತಾರೆ, ಇವನಿಗೂ ಅಭ್ಯಾಸವಾಯಿತು. ವಾಪಸು ಬಂದ ವಾರದಲ್ಲಿ ಮಧುಗಿರಿಯಿಂದ ಬಡವನಹಳ್ಳಿಗೆ ಸಿರಾ ಕಡೆಯ ಖಾಸಗಿ ಬಸ್ಸಿನಲ್ಲಿ ಹೋಗಿ ಇಳಿಯುವಾಗ ಕಂಡಕ್ಟರಿಗೆ ಗಟ್ಟಿಯಾಗಿ ಥ್ಯಾಂಕ್ಯೂ ಅಂದ. ಕಂಡಕ್ಟರ್ ಗಾಬರಿಯಾಗಿ, “ಯಾಕಪ್ಪಾ, ಚಿಲ್ರೆ ಕೊಡ್ಲಿಲ್ವಾ?” ಎಂದು ಚೀಲಕ್ಕೆ ಕೈ ಹಾಕಿದ.

ಬಂದ ಮೇಲೆ ನಾನು ವರದಿ ಒಪ್ಪಿಸಬೇಕಿತ್ತು. ಅರ್ಜಿಯಲ್ಲಿ ಬರೆದುಕೊಟ್ಟ ಪುಸ್ತಕದ ಎಷ್ಟು ಅಧ್ಯಾಯ ಮುಗಿದಿದೆ ಎಂಬುದಕ್ಕೆ ನಮೂನೆಯಲ್ಲಿ ಒಂದು ಕಲಮು. ಎರಡು ಎಂದು ತುಂಬಿದೆ. ನಿಜ ಹೇಳಬೇಕೆಂದರೆ ಒಂದೂವರೆ. ಆ ವರ್ಷ ನಾನು ಮಾಡಿದ ಒಳ್ಳೆಯ ಕೆಲಸವೆಂದರೆ, ಹಿಮ ಬಿದ್ದು ಹೊರಗೆ ಹೋಗಲಾಗದ ಫೆಬ್ರವರಿಯಲ್ಲಿ, ದೊಡ್ಡಪ್ಪನ ಬಾಯಲ್ಲಿ ಕೇಳಿದ ಬೇಸಾಯದ ಮಾತುಗಳನ್ನು ನೆನಪಾದಂತೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದದ್ದು: ಅಕ್ಕಡಿ ಸಾಲು, ಕುಂಟೆ, ಕೂರಿಗೆ, ಹದ, ಬೀಳು. ಊರಿನಲ್ಲಿದ್ದಾಗ ಆ ಮಾತುಗಳನ್ನು ಬರೆದಿಡಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಅದನ್ನು ತುಂಬಲು ನಮೂನೆಯಲ್ಲಿ ಜಾಗವಿರಲಿಲ್ಲ.

ದೊಡ್ಡಪ್ಪ ಈಗಿಲ್ಲ. ಇದ್ದಿದ್ದರೆ ಪಾವಗಡದ ತಿರುಮಣಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಸುಮಾರು 13,000 ಎಕರೆಯಲ್ಲಿ ಸೌರಫಲಕ, 2,050 ಮೆಗಾವಾಟ್ ವಿದ್ಯುತ್. ರೈತರು ಭೂಮಿ ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ. ಉಳುವ ಹಾಗಿಲ್ಲ, ಬಿತ್ತುವ ಹಾಗಿಲ್ಲ, ದುಡ್ಡು ಮಾತ್ರ ಬರುತ್ತದೆ. ಸಂಬಳ ಕೊಟ್ಟು ಬೀಳು ಬಿಡುವುದು ಕೊನೆಗೆ ಹೊಲಕ್ಕೂ ಬಂತಲ್ಲ ದೊಡ್ಡಪ್ಪ ಅಂದರೆ, ಅವರು ಬಹುಶಃ ಭೂಮಿ ಇಲ್ಲದ ಕೂಲಿಯವರಿಗೆ ಏನು ಬರುತ್ತದೆ ಎಂದು ಕೇಳುತ್ತಿದ್ದರು. ಕೇಳಬೇಕಾದ ಪ್ರಶ್ನೆಯೇ. ಬೀಳು ನೆಲದಲ್ಲಿ ಹುಟ್ಟಿದ್ದು ಬಡವರಿಗೆ ಎಂಬ ಹಳೆಯ ಕಟ್ಟಳೆ ಗುತ್ತಿಗೆ ಪತ್ರಕ್ಕೆ ಬಂದಿಲ್ಲ.

ಈಚೆಗೆ ನಮ್ಮ ಕಡೆಯ ಸರ್ಕಾರಿ ಕಾಲೇಜುಗಳ ಮೇಷ್ಟ್ರುಗಳೂ ವಿದೇಶದ ಫೆಲೋಶಿಪ್ಪುಗಳಿಗೆ ಅರ್ಜಿ ಹಾಕುತ್ತಿದ್ದಾರೆ, ಏನೇನು ತಯಾರಿ ಬೇಕು ಸಾರ್ ಎಂದು ಫೋನು ಮಾಡುತ್ತಾರೆ. ಮಕ್ಕಳ ಲಸಿಕೆಯ ಚೀಟಿ ಮರೆಯಬೇಡಿ, ರಾಗಿ ಹಿಟ್ಟು ಎರಡು ಪದರ ಕವರಿನಲ್ಲಿ ಕಟ್ಟಿ ಎನ್ನುತ್ತೇನೆ. ಇನ್ನೊಂದು ಮಾತು ಇಲ್ಲಿ ಬರೆಯುತ್ತೇನೆ, ಫೋನಿನಲ್ಲಿ ಹೇಳಲು ನಾಚಿಕೆ. ಹೋದ ಮೊದಲ ವಾರವೇ ಹೆಂಡತಿಯ ಹೆಸರಿನಲ್ಲೂ ಗ್ರಂಥಾಲಯದ ಕಾರ್ಡು ಮಾಡಿಸಿ. ನಾನು ಮಾಡಿಸಿದ್ದು ಏಳನೆಯ ತಿಂಗಳಿನಲ್ಲಿ.