ಹೇಮಗಿರಿ ಬಂಡೆ ಮೇಲೆ ಗಾಳ: ಹೊಳೆ ಬರಿದಾಗೋದು ರಾಡ್‌ನಿಂದಲ್ಲ, ಸಿಡಿಮದ್ದಿನಿಂದ

ಕೆ.ಆರ್.ಪೇಟೆ: ಭಾನುವಾರ ಬಂದರೆ ಸಾಕು, ಹೇಮಗಿರಿ, ಮಂದಗೆರೆ ಅಣೆಕಟ್ಟೆ ಕೆಳಗಿನ ಬಂಡೆಗಳ ಮೇಲೆ ರಾಡ್ ಹಿಡಿದ ಹುಡುಗರು ಕಾಣ್ತಾರೆ. ಮೊದಲು ಬಿದಿರು ಕಡ್ಡಿ, ಎರೆಹುಳು ಇತ್ತು. ಈಗ ಆನ್‌ಲೈನ್‌ನಲ್ಲಿ ತರಿಸಿದ ರೀಲು, ಸಣ್ಣ ದಾರ, ಹೊಳೆಯೋ ಸ್ಪೂನು. ಮುರ್ಡೇಶ್ವರ, ಕಾಪು ಕಡೆ ಸಮುದ್ರದ ಬಂಡೆ ಮೇಲೆ ನಿಂತು ಮೀನು ಹಿಡಿಯೋ ವಿಡಿಯೋ ನೋಡಿ ಕಲಿತವರೂ ಇದ್ದಾರೆ. ಇವರನ್ನು ಕಂಡು 'ಹೊಳೆ ಮೀನೆಲ್ಲ ಇವರೇ ಖಾಲಿ ಮಾಡ್ತಾರೆ' ಅಂತ ಗೊಣಗೋರಿಗೇನೂ ಕಮ್ಮಿ ಇಲ್ಲ.

ಲೆಕ್ಕ ಹಾಕಿ ನೋಡಿ. ಗಾಳಕ್ಕೆ ಒಂದು ಸಲಕ್ಕೆ ಒಂದೇ ಮೀನು. ಸಿಡಿಮದ್ದು ಎಸೆದರೆ ಮಡುವಿನಲ್ಲಿರೋ ಮರಿ, ಮೊಟ್ಟೆ ಸಮೇತ ಹೋಗುತ್ತೆ. ಸತ್ತದ್ದರಲ್ಲಿ ಎಷ್ಟೋ ಮೀನು ತಳ ಸೇರುತ್ತೆ, ಯಾವ ಸಂತೆಗೂ ಬರಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರಂತೂ ಕೆಳಗೆ ನೀರು ಕುಡಿಯೋ ದನಕರುಗಳಿಗೂ ಕಂಟಕ. ನೀರಿಗೆ ಸ್ಫೋಟಕ, ವಿಷ ಹಾಕಿ ಮೀನು ಕೊಲ್ಲೋದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧ ಅಂದಿದೆ. ಮೀನಂಗಡಿಯವರಿಗೂ ಒಂದು ಮಾತು: ಹೊಟ್ಟೆ ಕೊಯ್ದಾಗ ಗಾಳಿಚೀಲ ಒಡೆದು, ಒಳಗೆಲ್ಲ ರಕ್ತ ಹೆಪ್ಪುಗಟ್ಟಿದ್ದರೆ ಅನುಮಾನ ಪಡಿ.

ಹಾಗಂತ ರಾಡಿನವರದ್ದು ಏನೂ ತಪ್ಪಿಲ್ಲ ಅಂತಲೂ ಅಲ್ಲ. ಜಿಲೇಬಿ, ಕೊರವಕ್ಕೆ ಸಣ್ಣ ದಾರ ಸರಿ. ಬಂಡೆ ಸಂದಿಯ ಬಿಳಿಮೀನು, ಅಂದರೆ ಮಹಶೀರ್ ಬಿದ್ದರೆ ಕಥೆ ಬೇರೆ. ಅದು ನೇರ ಕಲ್ಲಿನ ಸಂದಿಗೆ ನುಗ್ಗುತ್ತೆ, ದಾರ ಉಜ್ಜಿ ಕಡಿಯುತ್ತೆ, ಕೊಕ್ಕೆ ಬಾಯಲ್ಲೇ ಉಳಿಯುತ್ತೆ. ಕಡಿಯದಿದ್ದರೂ ಬಹಳ ಹೊತ್ತು ಎಳೆದಾಡಿ ಸುಸ್ತಾದ ಮೀನು, ಬಿಟ್ಟ ಮೇಲೂ ಬದುಕೋದು ಕಷ್ಟ.

ಕಾವೇರಿ ಸೀಮೆಯ ಗೂನುಬೆನ್ನಿನ ಮಹಶೀರ್ ಸಾಮಾನ್ಯ ಮೀನಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರ ಗಾಳಕ್ಕೆ ಬಿದ್ದದ್ದು 120 ಪೌಂಡ್ ತೂಗಿತ್ತು, ಹತ್ತಿರ ಹತ್ತಿರ 54 ಕೆ.ಜಿ. ಅದೇ ಜಾತಿ 2018ರಲ್ಲಿ ಅಳಿವಿನ ಅಂಚಿನ ಕೆಂಪು ಪಟ್ಟಿ ಸೇರಿತು. ಅಣೆಕಟ್ಟು, ಸಿಡಿಮದ್ದು ಕಾರಣ ಅನ್ನೋದು ಗೊತ್ತಿರೋದೇ. ಇನ್ನೊಂದಿದೆ: ಮೀನು ಹೆಚ್ಚಿಸ್ತೀವಿ ಅಂತ 1970ರ ದಶಕದ ನಂತರ ಕಾವೇರಿಗೆ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಮರಿಗಳು ಬೆಳೆದು, ಮೂಲದ ಮೀನಿನ ಜಾಗ ಹಿಡಿದವು. ಒಳ್ಳೇದು ಮಾಡಲು ಹೋಗಿ ಆದದ್ದು ಇದು. ಇದೇ ಕಾವೇರಿಯಲ್ಲಿ, ಕೆಆರ್‌ಎಸ್‌ಗೂ ಮೇಲೆ ರಾಮನಾಥಪುರದ ದೇವಸ್ಥಾನದ ಬಳಿ ಮಹಶೀರ್‌ಗಳನ್ನು ಯಾರೂ ಮುಟ್ಟಲ್ಲ. ಜನ ಅಕ್ಕಿ, ಪುರಿ ಹಾಕಿ ಬರ್ತಾರೆ.

ಆದ್ದರಿಂದ ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಕೊಳ್ಳಿ. ಬಿಳಿಮೀನು ಬಿದ್ದರೆ ಕೈ ಒದ್ದೆ ಮಾಡಿಕೊಂಡು ನೀರಲ್ಲೇ ಬಿಡಿಸಿ. ಮಳೆಗಾಲದಲ್ಲಿ ಮೊಟ್ಟೆ ತುಂಬಿದ ಮೀನು ಮನೆಗೆ ತರಬೇಡಿ. ರಂಗನತಿಟ್ಟಿನೊಳಗೆ ಗಾಳ ಹಾಕೋ ಹಾಗೇ ಇಲ್ಲ. ಕೆರೆಯಾದರೆ ಗುತ್ತಿಗೆದಾರರನ್ನು ಕೇಳಿಕೊಂಡು ಹೋಗಿ. ಗೊರೂರಿಂದ ನೀರು ಬಿಡೋ ಸುದ್ದಿ ಬಂದ ದಿನ ನಡುಹೊಳೆ ಬಂಡೆ ಹತ್ತಬೇಡಿ, ನೀರು ಏರೋದು ಗೊತ್ತಾಗೋಷ್ಟರಲ್ಲಿ ದಡದ ದಾರಿ ಮುಚ್ಚಿರುತ್ತೆ.