ಮೂರು ಫೇಸು, ಮೂರು ಪಾಲು

ವಿದ್ಯುತ್ತಿನ ಅಳತೆ ವಿಜ್ಞಾನದ ವಿದ್ಯಾರ್ಥಿಗಳಿಗೇ ಮೀಸಲಾದ ವಿಷಯವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಆದರೆ ತಿಂಗಳು ತಿಂಗಳೂ ಬಿಲ್ಲು ತೆರುವವರು ಎಲ್ಲರೂ! ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಬಿಲ್ಲನ್ನು ಓದಿ ತಿಳಿಸುವ ಹೊಣೆಯೂ ನನ್ನದೇ.

ನಾವಿರುವ ವಠಾರಕ್ಕೆ ಮೂರು ಫೇಸಿನ ಒಂದೇ ಸಂಪರ್ಕವಿದೆ. ಮೂರು ಮನೆಗಳಿಗೆ ಒಂದೊಂದು ಫೇಸು. ಬಿಲ್ಲಿನ ಹಣವನ್ನು ಮಾಲೀಕರು ಸಮನಾಗಿ ಹಂಚುತ್ತಾರೆ. "ಮೂರು ಫೇಸು, ಮೂರು ಪಾಲು; ಇದರಲ್ಲಿ ಅನ್ಯಾಯವೇನು?" ಎಂಬುದು ಅವರ ವಾದ. ಈ ವಾದ ನಿಲ್ಲುವಂಥದಲ್ಲವೆಂಬುದು ನನ್ನ ಅಭಿಪ್ರಾಯ.

ಪ್ರತಿ ಫೇಸಿಗೂ ನ್ಯೂಟ್ರಲ್ ತಂತಿಗೂ ನಡುವೆ ಸುಮಾರು 230 ವೋಲ್ಟ್ ಇರುತ್ತದೆ. ವೋಲ್ಟ್ ಸಮವೇ, ಹರಿಯುವ ಪ್ರವಾಹ ಸಮವಲ್ಲ. ಒಂದು ಮನೆಯಲ್ಲಿ 2000 ವಾಟಿನ ಗೀಸರ್, ಇನ್ನೊಂದರಲ್ಲಿ 1000 ವಾಟಿನ ಇಸ್ತ್ರಿಪೆಟ್ಟಿಗೆ, ನಮ್ಮಲ್ಲಿ 75 ವಾಟಿನ ಫ್ಯಾನು ಮತ್ತು 20 ವಾಟಿನ ದೀಪ ಉರಿಯುತ್ತಿವೆಯೆನ್ನಿ. ಒಟ್ಟು 3095 ವಾಟ್. ಮೊದಲ ಫೇಸನ್ನು ಮಾತ್ರ ಅಳೆದು ಮೂರರಿಂದ ಗುಣಿಸಿದರೆ 6000. ನಮ್ಮದನ್ನು ಗುಣಿಸಿದರೆ 285! ಒಂದು ಕೇರಿಯ ತಲೆಯೆಣಿಸಿ ಇಡೀ ಊರಿನ ಜನಗಣತಿ ಮುಗಿಯಿತೆಂದಂತೆ ಇದು.

ಫ್ರಾನ್ಸಿನ ಬ್ಲಾಂಡೆಲ್ 1893ರಲ್ಲಿ ಮಂಡಿಸಿದ ಪ್ರಮೇಯದಂತೆ, ತಂತಿಗಳ ಸಂಖ್ಯೆಗಿಂತ ಒಂದು ಕಡಿಮೆ ವಾಟ್‌ಮೀಟರು ಸಾಕು. ಮೂರು ಫೇಸು, ಒಂದು ನ್ಯೂಟ್ರಲ್, ಹೀಗೆ ನಾಲ್ಕು ತಂತಿ, ಅಳತೆ ಮೂರು. ಮೂರನ್ನೂ ಅಳೆದು ಕೂಡಿಸುವುದೇ ಮೀಟರಿನ ಕೆಲಸ. ಮೂರು ಫೇಸಿನ ಮೀಟರು ಮೂರು ಪಟ್ಟು ಓಡುತ್ತದೆಂಬ ಮಾತು ನಿರಾಧಾರವಾದುದು.

ಆದರೆ ಬಿಲ್ಲಿನಲ್ಲಿ ಬರುವುದು ಒಟ್ಟು ಮೊತ್ತ. ಯಾರ ಪಾಲು ಎಷ್ಟೆಂಬುದಲ್ಲ. ಕ್ಲಾಂಪ್ ಮೀಟರು ಹಿಡಿದು ಆಂಪಿಯರ್ ನೋಡಿದರೂ ಸಾಲದು. ಮೋಟಾರುಗಳ ಪವರ್ ಫ್ಯಾಕ್ಟರ್ ಒಂದಕ್ಕಿಂತ ಕಡಿಮೆ; ಮೇಲಾಗಿ ಎಷ್ಟು ಹೊತ್ತು ಉರಿಯಿತೆಂಬುದೂ ಲೆಕ್ಕಕ್ಕೆ ಬರಬೇಕು. 1000 ವಾಟ್ ಒಂದು ಗಂಟೆ ಉರಿದರೆ ತಾನೇ ಒಂದು ಯೂನಿಟ್? ಆದುದರಿಂದ ಮನೆಗೊಂದು ಸಬ್‌ಮೀಟರು ಹಾಕಿಸುವುದೇ ನ್ಯಾಯ. ಅದನ್ನು ಪರೀಕ್ಷಿಸುವುದೂ ಸುಲಭ. ಮುಖದ ಮೇಲೆ ಯೂನಿಟ್ಟಿಗೆ 1600 ಮಿನುಗೆಂದು ಬರೆದಿದ್ದು, ನಿಮಿಷಕ್ಕೆ 16 ಬಾರಿ ಮಿನುಗಿದರೆ, ಗಂಟೆಗೆ 960. ಎಂದರೆ 600 ವಾಟ್.

ಖರ್ಚು ಯಾರದೆಂದು ಮಾಲೀಕರು ಕೇಳಬಹುದು. ಆ ಖರ್ಚನ್ನೂ ನೀರಿನ ಪಂಪು, ಮೆಟ್ಟಿಲ ದೀಪಗಳ ಖರ್ಚನ್ನೂ ಸಮನಾಗಿ ಹೊರಲು ನಾವು ಸಿದ್ಧರು. ಎಲ್ಲರೂ ಬಳಸುವುದನ್ನು ಎಲ್ಲರೂ ತೆರಲಿ. ಒಬ್ಬರು ಬಳಸಿದುದನ್ನು ಅವರೇ ತೆರಲಿ.

ಮಿತ್ರರೇ, ಸಮಾನತೆಯ ಮೇಲೆ ನಾವು ಪುಟಗಟ್ಟಲೆ ಪ್ರಬಂಧ ಬರೆಯುತ್ತೇವೆ. ಸಮಪಾಲೆಲ್ಲ ನ್ಯಾಯವಾದ ಪಾಲಲ್ಲವೆಂಬುದನ್ನು ಬಾಗಿಲ ಪಕ್ಕದ ಮೀಟರಿನಿಂದಲೂ ಕಲಿಯಬಹುದು.