ಹಾರ್ಮೋನ್ ಇಂಜೆಕ್ಷನ್ ಕೊಟ್ಟ ಕ್ಯಾಟ್‌ಫಿಶ್ ತಿಂದರೆ ಅಪಾಯವೇ? ಗಂಡು ಮೀನಿನ ಕಥೆ ಕೇಳಿ

ಮೀನಿನ ಬೆನ್ನಿಗೆ ಯಾರೋ ಸೂಜಿ ಚುಚ್ಚುತ್ತಾರೆ. ಕೆಳಗೆ ಒಂದು ಸಾಲು: ‘ಕ್ಯಾಟ್‌ಫಿಶ್ ತಿನ್ನುವವರೇ ಎಚ್ಚರ, ಹಾರ್ಮೋನ್ ನಿಮ್ಮ ಮಕ್ಕಳ ಹೊಟ್ಟೆ ಸೇರುತ್ತಿದೆ’. ಇಂಥ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಸೂಜಿ ಚುಚ್ಚುವುದು ನಿಜ. ಆದರೆ ಚುಚ್ಚಿಸಿಕೊಂಡ ಮೀನು ಮತ್ತು ನಿಮ್ಮ ತಟ್ಟೆಗೆ ಬರುವ ಮೀನು ಒಂದೇ ಅಲ್ಲ.

ಮೊದಲು, ಯಾವ ಮೀನು?

ಮಂಗಳೂರಿನಲ್ಲಿ ‘ಕ್ಯಾಟ್‌ಫಿಶ್’ ಎಂದರೆ ಮೂರು ಬೇರೆ ಬೇರೆ ಮೀನುಗಳಾಗಬಹುದು. ಧಕ್ಕೆಗೆ ಬರುವ ತೇಡೆ ಸಮುದ್ರದ ಮೀನು. ಅದನ್ನು ಯಾರೂ ಸಾಕುವುದಿಲ್ಲ, ಸೂಜಿಯ ಮಾತೇ ಇಲ್ಲ. ಗದ್ದೆ, ತೋಡುಗಳಲ್ಲಿ ಸಿಗುವ ಮುಗುಡು ದೇಸಿ ಸಿಹಿನೀರಿನ ಮೀನು. ಮೂರನೆಯದು ಆಫ್ರಿಕನ್ ಕ್ಯಾಟ್‌ಫಿಶ್. ಇದರ ಸಾಕಣೆ ನಮ್ಮ ದೇಶದಲ್ಲಿ ನಿಷೇಧ. ಫಾರ್ವರ್ಡ್‌ಗಳು ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತವೆ.

ಇಂಜೆಕ್ಷನ್ ಯಾಕೆ?

ಮುಗುಡು ಮರಿ ಮಾಡುವುದು ಮಳೆಗಾಲದಲ್ಲಿ, ಹೊಸ ನೀರು ಏರಿದಾಗ. ಹ್ಯಾಚರಿಯ ತೊಟ್ಟಿಯಲ್ಲಿ ಆ ಸೂಚನೆ ಸಿಗದ ಕಾರಣ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಇದ್ದರೂ ಹೊರಗೆ ಬರುವುದಿಲ್ಲ. ಹಾಗಾಗಿ ಮೀನಿನ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುವ ಔಷಧ ಚುಚ್ಚುತ್ತಾರೆ. ಇದು ಹೊಸ ವಿದ್ಯೆಯೇನಲ್ಲ. 1957ರ ಜುಲೈ 10ರಂದು ಕಟಕ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಅವರು ಗೆಂಡೆ ಜಾತಿಯ ಮೀನುಗಳಲ್ಲಿ ಇದನ್ನು ಸಾಧಿಸಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಆಚರಿಸುತ್ತೇವೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದ ಊರು ನಮ್ಮದು. ಮೀನುಗಾರಿಕೆ ಓದುವ ಮಕ್ಕಳಿಗೆ ಇದು ಪಠ್ಯದಲ್ಲೇ ಇರುವ ವಿಷಯ.

ಇಂದು ಹೆಚ್ಚು ಬಳಕೆಯಲ್ಲಿರುವ ಓವಾಪ್ರಿಮ್‌ನಲ್ಲಿ ಎರಡು ಪದಾರ್ಥಗಳಿವೆ. ಒಂದು, ಸಾಲ್ಮನ್ ಮೀನಿನ ಹಾರ್ಮೋನನ್ನು ಹೋಲುವ ಪುಟ್ಟ ಪ್ರೋಟೀನ್ ತುಣುಕು. ಇನ್ನೊಂದು ಡೊಂಪೆರಿಡೋನ್, ವಾಂತಿ ನಿಲ್ಲಲು ಡಾಕ್ಟರು ನಮಗೂ ಬರೆಯುವ ಔಷಧ. ಇದನ್ನು ಚುಚ್ಚುವುದು ಬೆರಳೆಣಿಕೆಯ ತಾಯಿ ಮೀನುಗಳಿಗೆ, ಕೆಲವೆಡೆ ಗಂಡಿಗೂ. ಅವುಗಳ ಮೊಟ್ಟೆಯೊಡೆದು ಬಂದ ಮರಿಗಳು ತಿಂಗಳುಗಟ್ಟಲೆ ಬೆಳೆದು ಮಾರುಕಟ್ಟೆಗೆ ಬರುತ್ತವೆ. ಆ ಮರಿಗಳಿಗೆ ಈ ಸೂಜಿ ತಾಗುವುದೇ ಇಲ್ಲ.

ಗಂಡು ಮೀನು ಯಾಕೆ ಸಾಯಬೇಕು?

ಫಾರ್ವರ್ಡ್‌ನಲ್ಲಿ ಬಾರದ ಸಂಗತಿ ಇದು. ಕಾಟ್ಲಾ, ರೋಹು ಗಂಡುಗಳ ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ವೀರ್ಯ ಬರುತ್ತದೆ. ಮೀನನ್ನು ಮತ್ತೆ ಕೊಳಕ್ಕೆ ಬಿಡಬಹುದು. ಮುಗುಡು ಜಾತಿಯಲ್ಲಿ ಹಾಗಾಗುವುದಿಲ್ಲ. ವೃಷಣದ ಜೊತೆಗೆ ಬೆರಳುಗಳಂತೆ ಕವಲೊಡೆದ ವೀರ್ಯಕೋಶಗಳಿದ್ದು, ಅವುಗಳಲ್ಲಿ ಅಂಟು ದ್ರವ ಇರುತ್ತದೆ. ಎಷ್ಟು ಒತ್ತಿದರೂ ಸಾಕಷ್ಟು ವೀರ್ಯ ಬಾರದು. ಗದ್ದೆಯ ಬದುವಿನ ಗೂಡಿನಲ್ಲಿ ಗಂಡು ಹೆಣ್ಣನ್ನು ಸುತ್ತಿಕೊಂಡೇ ಕೂಡುತ್ತದೆ. ಅಷ್ಟು ಹತ್ತಿರದಲ್ಲಿ ಹೆಚ್ಚು ವೀರ್ಯ ಬೇಕಾಗುವುದಿಲ್ಲ. ಆಮೇಲೆ ಮೊಟ್ಟೆ ಕಾಯುವ ಕೆಲಸವೂ ಗಂಡಿನದೇ.

ಹ್ಯಾಚರಿಯಲ್ಲಿ ಮಾತ್ರ ಗಂಡನ್ನು ಕೊಂದು ವೃಷಣ ತೆಗೆಯುತ್ತಾರೆ. ಹೊಟ್ಟೆಯಡಿಯ ಜನನ ತೊಟ್ಟು ಉದ್ದವಾಗಿ ಚೂಪಾಗಿದ್ದರೆ ಗಂಡು, ದುಂಡಗಿದ್ದರೆ ಹೆಣ್ಣು. ವೃಷಣವನ್ನು ಸಣ್ಣಗೆ ಕತ್ತರಿಸಿ, 0.9 ಶೇಕಡ ಉಪ್ಪಿನ ಸಲೈನ್‌ನಲ್ಲಿ ಅರೆದು ಸೋಸಿದರೆ ಹಾಲಿನಂಥ ದ್ರವ ಸಿಗುತ್ತದೆ. ಇಂಜೆಕ್ಷನ್ ಆಗಿ ಸುಮಾರು 16-18 ಗಂಟೆಯ ನಂತರ ಹೆಣ್ಣಿನ ಮೊಟ್ಟೆ ಹಿಂಡಿ, ಈ ದ್ರವ ಬೆರೆಸಿ, ಕೊನೆಗೆ ನೀರು ಹಾಕುತ್ತಾರೆ. ಸಲೈನ್‌ನಲ್ಲಿ ಸುಮ್ಮನಿದ್ದ ವೀರ್ಯಾಣುಗಳು ನೀರು ತಾಗಿದೊಡನೆ ಈಜತೊಡಗುತ್ತವೆ. ಆದರೆ ಅವುಗಳ ಆಟ ಒಂದೆರಡು ನಿಮಿಷವೂ ನಡೆಯುವುದಿಲ್ಲ. ಅಷ್ಟರಲ್ಲಿ ಎಲ್ಲ ಮುಗಿಯಬೇಕು.

ಹಾಗಾದರೆ ಭಯಪಡಬೇಕಾದದ್ದು ಯಾವುದಕ್ಕೆ?

ಪ್ರತಿ ಸಲವೂ ಒಳ್ಳೆಯ ಗಂಡುಗಳನ್ನು ಕಳೆದುಕೊಳ್ಳಬೇಕು. ಹೆಣ್ಣು ಕೊಡುವುದೂ ಸಾವಿರಗಳ ಲೆಕ್ಕದ ಮೊಟ್ಟೆ ಮಾತ್ರ. ದೇಸಿ ಮರಿಗಳು ಕಡಿಮೆ ಸಿಗುವುದಕ್ಕೆ ಇವು ದೊಡ್ಡ ಕಾರಣಗಳು. ಆಫ್ರಿಕನ್ ಕ್ಯಾಟ್‌ಫಿಶ್‌ನಲ್ಲೂ ಸಾಮಾನ್ಯವಾಗಿ ಗಂಡನ್ನು ಕೊಲ್ಲಬೇಕು. ಆದರೆ ಅದರ ವೃಷಣ ದೊಡ್ಡದು, ಮೊಟ್ಟೆ ಹೆಚ್ಚು, ಬೆಳವಣಿಗೆಯೂ ಬೇಗ. ದೇಸಿ ಮರಿ ಸಿಗದ ಜಾಗದಲ್ಲಿ ಅದು ನುಸುಳುತ್ತದೆ.

ಅದರ ನಿಷೇಧಕ್ಕೂ ಹಾರ್ಮೋನಿಗೂ ಸಂಬಂಧವಿಲ್ಲ. ಕೊಳದಿಂದ ತಪ್ಪಿಸಿಕೊಂಡು ಹೊಳೆ ಸೇರಿದರೆ ಅದು ನಮ್ಮ ಸಣ್ಣ ಮೀನುಗಳನ್ನೆಲ್ಲ ನುಂಗುತ್ತದೆ. ಅಕ್ರಮ ಕೊಳಗಳಲ್ಲಿ ಅದಕ್ಕೆ ಕೋಳಿ ತ್ಯಾಜ್ಯ, ಕಸಾಯಿಖಾನೆಯ ಕಸ ಹಾಕಿ ಬೆಳೆಸುವುದೂ ಇದೆ. ಪಶ್ಚಿಮ ಘಟ್ಟದಿಂದ ಇಳಿದು ಬರುವ ನೇತ್ರಾವತಿಯಂಥ ನದಿಗಳಿರುವ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ನಮ್ಮ ಕಡಲಿನ ಪಾಠ

ಗಂಡು ಮೀನು ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ತೇಡೆಯೇ ಸಾಕ್ಷಿ. ಗೋಲಿ ಗಾತ್ರದ ಮೊಟ್ಟೆಗಳನ್ನು ಗಂಡು ತೇಡೆ ಬಾಯಲ್ಲಿಟ್ಟುಕೊಂಡು ವಾರಗಟ್ಟಲೆ ಉಪವಾಸ ಇರುತ್ತದೆ. ಪರ್ಸೀನ್ ಬಲೆ ಬಂದ ಹೊಸತರಲ್ಲಿ, 1980ರ ಆಸುಪಾಸಿನಲ್ಲಿ, ಹೀಗೆ ಬಾಯಿ ತುಂಬ ಮೊಟ್ಟೆ ಹೊತ್ತ ಗಂಡುಗಳ ಹಿಂಡುಗಳೇ ಮಂಗಳೂರು ಕಡಲಲ್ಲಿ ಬಲೆಗೆ ಬಿದ್ದವು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ದಾಖಲಿಸಿ ಎಚ್ಚರಿಸಿದ್ದರು. ಆಮೇಲೆ ಕರಾವಳಿಯಲ್ಲಿ ತೇಡೆ ಕುಸಿಯಿತು.

ಒಟ್ಟಿನಲ್ಲಿ

‘ಇಂಜೆಕ್ಷನ್ ಮೀನು ತಿಂದರೆ ಹಾರ್ಮೋನ್ ಸೇರುತ್ತದೆ’ ಎಂಬುದು ದಾರಿ ತಪ್ಪಿಸುವ ಮಾತು. ಮಾರುಕಟ್ಟೆಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇದು ಯಾವ ಮೀನು, ಎಲ್ಲಿ ಸಾಕಿದ್ದು? ‘ದೇಸಿ ಮುಗುಡು’ ಎಂದು ಒಂದು ಕಿಲೋ ದಾಟಿದ ಮೀನು ತೋರಿಸಿದರೆ ಸಂಶಯಪಡಿ. ಮುಂದಿನ ಸಲ ಆ ವಿಡಿಯೊ ಬಂದಾಗ ಫಾರ್ವರ್ಡ್ ಮಾಡುವ ಬದಲು ಈ ಪ್ರಶ್ನೆಯನ್ನು ಗ್ರೂಪಿಗೆ ಹಾಕಿ.